ಗುಮ್ಮಟದ ಪಿಸುಮಾತು, ಕಿವಿಯೊಳಗಿನ ಶಂಖ

ಹಲಗಿಯ ಮೇಲೆ ಕೋಲು ಬಿದ್ದಾಗ ಅದರ ಚರ್ಮ ಒಮ್ಮೆ ತಗ್ಗಿ ಮತ್ತೆ ಉಬ್ಬುತ್ತದೆ. ಉಬ್ಬಿದಾಗ ಎದುರಿನ ಗಾಳಿ ಒತ್ತಾಗುತ್ತದೆ, ತಗ್ಗಿದಾಗ ತೆಳುವಾಗುತ್ತದೆ. ಈ ಒತ್ತು, ತೆಳು ಒಂದರ ಹಿಂದೊಂದು ಸಾಗುವುದೇ ಶಬ್ದತರಂಗ. ಗಾಳಿಯ ಕಣಗಳು ಮಾತ್ರ ಇದ್ದಲ್ಲೇ ಹಿಂದೆ ಮುಂದೆ ತೂಗಾಡುತ್ತವೆ. ಜೋಳದ ಹೊಲದಲ್ಲಿ ತೆನೆಗಳ ಅಲೆ ಈ ಬದುವಿನಿಂದ ಆ ಬದುವಿಗೆ ಓಡಿದರೂ ದಂಟು ಬೇರು ಕಿತ್ತು ಹೋಗುವುದಿಲ್ಲ, ಹಾಗೆ.

ಸೆಕೆಂಡಿಗೆ ಎಷ್ಟು ಸಲ ಈ ಕಂಪನ ಆಗುತ್ತದೋ ಅದು ಆವರ್ತನ. ಅದರ ಅಳತೆ ಹರ್ಟ್ಸ್. ಎಳೆಯರ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ವಯಸ್ಸಾದಂತೆ ಮೊದಲು ಹೋಗುವುದು ಮೇಲಿನ ತುದಿ, ಅಂದರೆ ಕೀರಲು ದನಿ.

ಶಬ್ದದ ವೇಗ ಗಾಳಿಯ ಬಿಸಿಯನ್ನು ಅವಲಂಬಿಸಿದೆ. 42 ಡಿಗ್ರಿ ಬಿಸಿಲಿನಲ್ಲಿ ಅದು ಸೆಕೆಂಡಿಗೆ ಸುಮಾರು 357 ಮೀಟರ್, 12 ಡಿಗ್ರಿಯ ಚಳಿಯಲ್ಲಿ ಸುಮಾರು 339 ಮೀಟರ್. ಮಿಂಚು ಕಂಡ ಮೂರು ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಬಿದ್ದದ್ದು ಒಂದು ಕಿಲೋಮೀಟರ್ ದೂರದಲ್ಲಿ. ವಿಜಯಪುರ ಜಿಲ್ಲೆಯ ಇಂಡಿ, ಬಸವನ ಬಾಗೇವಾಡಿ ಕಡೆಯ ಬಯಲಿನಲ್ಲಿ ಇನ್ನೊಂದು ಸೋಜಿಗವನ್ನೂ ಗಮನಿಸಬಹುದು. ಹಗಲು ಕೇಳದ ರೈಲಿನ ಕೂಗು ಚಳಿಗಾಲದ ನಸುಕಿನಲ್ಲಿ ಊರ ತುಂಬ ಕೇಳುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿ ತಂಪಾಗುತ್ತದೆ. ಮೇಲಿನ ಪದರ ಅದಕ್ಕಿಂತ ಬೆಚ್ಚಗಿರುತ್ತದೆ. ಬೆಚ್ಚಗಿನ ಗಾಳಿಯಲ್ಲಿ ಶಬ್ದ ಮುಂದೋಡುವುದರಿಂದ ಅಲೆ ಬಾಗಿ ನೆಲದತ್ತ ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಇದು ತಿರುವುಮುರುವಾಗಿ, ದನಿ ಆಕಾಶದ ಪಾಲಾಗುತ್ತದೆ. ಊರು ನಿಶ್ಶಬ್ದವಾಗಿರುವುದೂ ಒಂದು ಕಾರಣ ನಿಜ, ಆದರೆ ಅದೊಂದೇ ಅಲ್ಲ.

ಬಯಲಿನಲ್ಲಿ ಕೂಗಿದರೆ ಮರುದನಿ ಬರುವುದಿಲ್ಲ. ಶಬ್ದಕ್ಕೆ ತಿರುಗಿ ಬರಲು ಗೋಡೆ ಬೇಕು. ಅಂಥ ಗೋಡೆ ಜಿಲ್ಲಾ ಕೇಂದ್ರ ವಿಜಯಪುರದಲ್ಲಿದೆ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಲ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಗುಮ್ಮಟದ ಬುಡದ ಮೊಗಸಾಲೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದರೆ, ದನಿ ಎದುರು ಗೋಡೆ ಮುಟ್ಟಿ 76 ಮೀಟರ್ ಕ್ರಮಿಸಿ ಮರಳುತ್ತದೆ. ಇದಕ್ಕೆ ಬೇಕಾಗುವುದು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಎರಡು ಸದ್ದುಗಳ ನಡುವೆ ಹತ್ತನೇ ಒಂದು ಸೆಕೆಂಡಿನಷ್ಟಾದರೂ ಅಂತರವಿದ್ದರೆ ಕಿವಿ ಅವನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ಹೀಗಾಗಿ ಮರುದನಿ ಸ್ಪಷ್ಟ. ಗಟ್ಟಿ, ನುಣುಪು ಗಾರೆ ಶಬ್ದವನ್ನು ಹೆಚ್ಚು ಹೀರುವುದಿಲ್ಲವಾದ್ದರಿಂದ ಅದು ಮತ್ತೆ ಮತ್ತೆ ಪುಟಿಯುತ್ತದೆ.

ಪಿಸುಮಾತಿನ ಕಥೆ ಬೇರೆ. ಗೋಡೆಗೆ ಬಾಯಿ ಹಚ್ಚಿ ಆಡಿದ ಮಾತು ಎದುರು ತುದಿಯಲ್ಲಿ ಕಿವಿಗೊಟ್ಟವರಿಗೆ ಕೇಳುವುದು ನಡುವಿನ ಗಾಳಿಯನ್ನು ಹಾಯ್ದಲ್ಲ, ದುಂಡು ಗೋಡೆಗೆ ಅಂಟಿಕೊಂಡಂತೆ ಸುತ್ತಿ ಬಂದು. ಲಂಡನ್ನಿನ ಸೇಂಟ್ ಪಾಲ್ಸ್ ಗುಮ್ಮಟದ ಇದೇ ಗುಣವನ್ನು ಭೌತವಿಜ್ಞಾನಿ ಲಾರ್ಡ್ ರ್‍ಯಾಲೆ ವಿವರಿಸಿದ್ದರು. 1920ರ ದಶಕದ ಆರಂಭದಲ್ಲಿ ಸಿ.ವಿ. ರಾಮನ್ ಗೋಲ ಗುಮ್ಮಟವನ್ನೂ ಪರೀಕ್ಷಿಸಿ ಬರೆದರು. ಈಗಿನ ಪ್ರವಾಸಿಗರ ಕೂಗಾಟದ ನಡುವೆ ಈ ಸೂಕ್ಷ್ಮ ಸಿಗುವುದು ಕಷ್ಟ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದವರೇ ಪುಣ್ಯವಂತರು.

ಗೋಡೆ ಸುತ್ತಿ ಬಂದ ಆ ಪಿಸುಮಾತು ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿನಾಳ ದಾಟಿ ತಮಟೆಗೆ ತಾಗುತ್ತದೆ. ತಮಟೆಯ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳ ಸರಪಳಿ. ಸುಮಾರು ಮೂರು ಮಿಲಿಮೀಟರಿನ ರಿಕಾಪು ದೇಹದ ಅತಿ ಚಿಕ್ಕ ಮೂಳೆ. ಒಳಗಿವಿಯಲ್ಲಿರುವುದು ದ್ರವ, ಗಾಳಿಯ ಶಬ್ದ ನೇರವಾಗಿ ನೀರಿಗೆ ಬಡಿದರೆ ಅದರ ಶಕ್ತಿಯ ಸಾವಿರದಲ್ಲಿ ಸುಮಾರು ಒಂದು ಪಾಲು ಮಾತ್ರ ಒಳಹೊಗುತ್ತದೆ. ಅಗಲವಾದ ತಮಟೆಯ ಬಲವನ್ನು ರಿಕಾಪಿನ ಕಿರಿದಾದ ಪಾದಕ್ಕೆ ಕೂಡಿಸಿ, ಒತ್ತಡವನ್ನು ಇಪ್ಪತ್ತು ಪಟ್ಟಿನಷ್ಟು ಹೆಚ್ಚಿಸಿ ಮೂಳೆಗಳು ಈ ನಷ್ಟವನ್ನು ಬಹುಮಟ್ಟಿಗೆ ತುಂಬುತ್ತವೆ.

ಆಚೆಗಿರುವುದು ಶಂಖದಂತೆ ಎರಡೂವರೆ ಸುತ್ತು ಸುರುಳಿಯಾದ ಕಾಕ್ಲಿಯಾ. ಅದರೊಳಗಿನ ಪೊರೆಯ ಬುಡ ಕೀರಲು ದನಿಗೆ ಕಂಪಿಸುತ್ತದೆ, ತುದಿ ಗಡುಸು ದನಿಗೆ. ಇದನ್ನು ಕಂಡುಹಿಡಿದ ಗೆಯಾರ್ಗ್ ಫಾನ್ ಬೆಕೆಸಿಗೆ 1961ರಲ್ಲಿ ನೊಬೆಲ್ ಬಂತು. ಪೊರೆಯ ಮೇಲಿನ ರೋಮಕೋಶಗಳು ಕಂಪನವನ್ನು ವಿದ್ಯುತ್ ಸಂಕೇತವಾಗಿಸಿ ನರಕ್ಕೆ ಒಪ್ಪಿಸುತ್ತವೆ. ಒಂದು ಕಿವಿಯಲ್ಲಿ ಇವು ಸುಮಾರು 15,000, ಅಷ್ಟೇ.

ಈ ರೋಮಕೋಶಗಳಿಗೆ ಕುತ್ತು ಜೋರು ಸದ್ದು. ಅದನ್ನು ಅಳೆಯುವ ಡೆಸಿಬೆಲ್ ಲೆಕ್ಕದಲ್ಲಿ 10 ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. ದಿನಕ್ಕೆ ಎಂಟು ತಾಸಿನ ಕೆಲಸಕ್ಕೆ 85 ಡೆಸಿಬೆಲ್ ಮೀರಬಾರದೆಂಬುದು ವೈದ್ಯರ ಎಚ್ಚರಿಕೆ. ಮೆರವಣಿಗೆಯ ಡಿಜೆ ಪೆಟ್ಟಿಗೆಯ ಮುಂದೆ ನಿಂತವರಿಗೆ 100 ಡೆಸಿಬೆಲ್ ಸುಲಭವಾಗಿ ದಾಟುತ್ತದೆ. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.