ಸಾಲಗಾರ ಸೋತಾಗ ಯಾರ ಪಾಲು ಮೊದಲು?

ಹತ್ತಿ, ಮೆಣಸಿನಕಾಯಿ ಬೆಲೆ ಬಿದ್ದ ವರ್ಷ ದೇವದುರ್ಗ ತಾಲ್ಲೂಕಿನ ಮಸರಕಲ್‌ನಂಥ ಊರುಗಳಲ್ಲಿ ಒಂದೇ ಮನೆಗೆ ಗೊಬ್ಬರದಂಗಡಿಯವರು, ಅಡತಿ ಸಾಹುಕಾರರು, ಕೈಸಾಲ ಕೊಟ್ಟ ನೆಂಟರು, ಮೈಕ್ರೋಫೈನಾನ್ಸ್‌ನವರು ಒಟ್ಟಿಗೇ ಬರುತ್ತಾರೆ. ಇವರೆಲ್ಲ ಒತ್ತೆಯಿಲ್ಲದೆ ಕೊಟ್ಟವರು. ಇವರ ಸರದಿಯ ಬಗ್ಗೆ ಊರಿನ ನಂಬಿಕೆ ಬೇರೆ, ಕಾನೂನು ಬೇರೆ.

ತಪ್ಪು ಕಲ್ಪನೆ: ಮೊದಲು ಕೊಟ್ಟವರಿಗೆ ಮೊದಲು ತೀರಬೇಕು.
ಸತ್ಯ: ಕೋರ್ಟು ಸಾಲಗಾರನನ್ನು ದಿವಾಳಿ ಎಂದು ಘೋಷಿಸಿದರೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯ 61ನೇ ಕಲಂ ಪ್ರಕಾರ ಸರ್ಕಾರದ ಬಾಕಿ, ಮಿತಿಯೊಳಗಿನ ಕೂಲಿಯಂಥ ಕೆಲವಕ್ಕೆ ಮಾತ್ರ ಆದ್ಯತೆ. ಉಳಿದವರೆಲ್ಲ ಸಮಾನರು. ಅಂಗಡಿಗೆ 2 ಲಕ್ಷ, ನೆಂಟರಿಗೆ 1 ಲಕ್ಷ, ಫೈನಾನ್ಸಿಗೆ 1 ಲಕ್ಷ ಬಾಕಿಯಿದ್ದು, ಹಂಚಲು 2 ಲಕ್ಷವೇ ಉಳಿದರೆ ಪ್ರತಿಯೊಬ್ಬರಿಗೂ ರೂಪಾಯಿಗೆ 50 ಪೈಸೆ. ಸಾಲದ ತಾರೀಖು ಲೆಕ್ಕಕ್ಕೆ ಬರುವುದಿಲ್ಲ.

ತಪ್ಪು ಕಲ್ಪನೆ: ಬಾಂಡ್ ಪೇಪರ್ ಮೇಲೆ ಬರೆಸಿಕೊಂಡರೆ ಸಾಲ ಭದ್ರ.
ಸತ್ಯ: ಬಾಂಡು ಸಾಲಕ್ಕೆ ಪುರಾವೆ, ಒತ್ತೆಯಲ್ಲ. ಬಂಗಾರ ಅಡವಿಟ್ಟುಕೊಂಡ ಬ್ಯಾಂಕು ಅದನ್ನು ಮಾರಿ ತನ್ನ ಹಣ ಪಡೆಯಬಹುದು. ಬಾಂಡು ಹಿಡಿದವರಿಗೆ ಆ ಹಕ್ಕಿಲ್ಲ. ಕೈಸಾಲಕ್ಕೆ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹೂಡಬೇಕು.

ತಪ್ಪು ಕಲ್ಪನೆ: ಮೊದಲು ಡಿಕ್ರಿ ತಂದವರಿಗೆ ಎಲ್ಲವೂ.
ಸತ್ಯ: ಸಿವಿಲ್ ಪ್ರಕ್ರಿಯಾ ಸಂಹಿತೆಯ 73ನೇ ಕಲಂ ಪ್ರಕಾರ, ಹಣ ಕೋರ್ಟಿನ ಕೈಸೇರುವ ಮೊದಲೇ ಜಾರಿಗೆ ಅರ್ಜಿ ಹಾಕಿದ ಉಳಿದ ಡಿಕ್ರಿದಾರರಿಗೂ ಪ್ರಮಾಣಾನುಸಾರ ಪಾಲುಂಟು.

ತಪ್ಪು ಕಲ್ಪನೆ: ಬಾಕಿಗೆ ಎತ್ತು, ಮನೆ ಎಳೆದೊಯ್ಯಬಹುದು.
ಸತ್ಯ: ಒತ್ತೆಯಿಲ್ಲದ ಸಾಲದ ಡಿಕ್ರಿಗೆ ರೈತ ವಾಸಿಸುವ ಸ್ವಂತ ಮನೆ, ಒಕ್ಕಲುತನದ ಸಲಕರಣೆ, ಜೀವನಕ್ಕೆ ಬೇಕಾದ ದನ, ಬಿತ್ತನೆ ಬೀಜ ಜಪ್ತಿಯಾಗದಂತೆ ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಕಾಯುತ್ತದೆ. ಮೈಕ್ರೋಫೈನಾನ್ಸ್‌ನವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವುದನ್ನೂ ರಿಸರ್ವ್ ಬ್ಯಾಂಕ್ ಕಿರುಕುಳವೆಂದೇ ಎಣಿಸುತ್ತದೆ. ಬಾಗಿಲಲ್ಲಿ ಕೂಗಾಡಿದವರಿಗೆ ಹೆಚ್ಚಿನ ಹಕ್ಕು ಹುಟ್ಟುವುದಿಲ್ಲ.

ತಪ್ಪು ಕಲ್ಪನೆ: ಅಪ್ಪ ತೀರಿಕೊಂಡರೆ ಸಾಲವೆಲ್ಲ ಮಗನ ತಲೆಗೆ.
ಸತ್ಯ: ಜಾಮೀನು ನಿಲ್ಲದ ಮಗ ಅಪ್ಪನಿಂದ ಕೈಸೇರಿದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ತನ್ನ ದುಡಿಮೆಯಿಂದ ಕಟ್ಟಬೇಕಿಲ್ಲ.

ಕೊಟ್ಟವರೇ, ಕಾಗದ ಜೋಪಾನವಾಗಿಟ್ಟು ಗಡುವಿನೊಳಗೆ ಕೋರ್ಟಿಗೆ ಹೋಗಿ. ಪಡೆದವರೇ, ಗದ್ದಲಕ್ಕೆ ಹೆದರಿ ಊರು ಬಿಡಬೇಡಿ, ಜೀವಕ್ಕೆ ಕೈ ಹಾಕಬೇಡಿ. ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟರಿಗೆ ಅಲ್ಲಿ ವಕೀಲರ ನೆರವು ಉಚಿತ.