ಸೇಫ್ಟಿ ಪಿನ್ನು, ಕಪ್ಪು ಟೊಪ್ಪಿ ಮತ್ತು ನಾವು ಆಡಿದ ಒಂದು ಮಾತು

ಸೋಮವಾರಪೇಟೆಗೆ ನಾವು ಹೋದದ್ದು ಕೆಲಸಕ್ಕೆ, ಆಟ ನೋಡಲಿಕ್ಕಲ್ಲ. ಕಾಲೇಜು ಹುಡುಗಿಯರ ಎರಡು ದಿನದ ಫುಟ್ಬಾಲ್ ಪಂದ್ಯಾಟ, ಎಂಟು ತಂಡಗಳು. ಊಟ, ನೀರು, ಮೇಜಿನ ಬರವಣಿಗೆಗೆ ಜನ ಬೇಕು ಅಂತ ಅಲ್ಲಿನ ಪಿ.ಟಿ. ಮಾಸ್ಟ್ರು ಫೋನ್ ಮಾಡಿದ್ದರು. ಅವರ ಪರಿಚಯವಾದದ್ದು 2018ರ ಆಗಸ್ಟ್‌ನಲ್ಲಿ. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ ಕಡೆ ಗುಡ್ಡ ಜರಿದಾಗ ನಮ್ಮ ಜಮಾಅತಿನ ಹುಡುಗರ ಜೊತೆ ಅಕ್ಕಿ, ಕಂಬಳಿ ತುಂಬಿಸಿಕೊಂಡು ಹೋಗಿದ್ದೆವು. ಪರಿಹಾರ ಕೇಂದ್ರದಲ್ಲಿ ಒಟ್ಟಿಗೆ ಗಂಜಿ ಬಡಿಸಿದವರು ಕರೆದರೆ ಇಲ್ಲ ಎನ್ನಲಿಕ್ಕಾಗುತ್ತದಾ?

ಆದರೂ ಮನಸ್ಸು ಒಂದಿಷ್ಟು ಹಿಂದೆ ಮುಂದೆ ನೋಡಿತು. ಮದರಸಾದ ಉಸ್ತಾದ್ ಹೋಗಿ ಹುಡುಗಿಯರ ಆಟದ ಮೇಜಿನಲ್ಲಿ ಕೂತರೆ ಊರಿನವರು ಏನು ಹೇಳಿಯಾರು? ಸದರ್ ಉಸ್ತಾದರನ್ನು ಕೇಳಿದೆವು. ‘ಅನ್ನ ಬಡಿಸಲು, ಲೆಕ್ಕ ಬರೆಯಲು ತಾನೇ? ಹೋಗಿ ಬನ್ನಿ. ಬೆಳಗ್ಗಿನ ತರಗತಿ ನಾವು ನೋಡಿಕೊಳ್ಳುತ್ತೇವೆ’ ಎಂದರು. ಪಿಕಪ್ ಓಡಿಸುವ ಒಬ್ಬರು, ಮದುವೆ ಅಡುಗೆಯ ಕಾಕ ಒಬ್ಬರು, ನಾವು - ಮೂವರು ಸುಬ್‌ಹಿ ನಮಾಝ್ ಮುಗಿಸಿ ಸುಳ್ಯದಿಂದ ಹೊರಟೆವು.

ಸಂಪಾಜೆ ಘಾಟಿ ಹತ್ತಿ, ಮಡಿಕೇರಿ ದಾಟಿ, ಮಾದಾಪುರದ ದಾರಿಯಲ್ಲಿ ಹೋಗುವಾಗ ಜರಿದ ಗುಡ್ಡಗಳ ಮೇಲೆ ಮತ್ತೆ ಹಸಿರು ಬಂದಿತ್ತು. ಜನವರಿ ತಿಂಗಳು, ಕಾಫಿ ಕೊಯ್ಲಿನ ಸಮಯ. ಕಣಗಳಲ್ಲಿ ಹಣ್ಣು ಹರವಿದ್ದರು. ಚಳಿಗೆ ನಮ್ಮ ಕಾಕನ ಹಲ್ಲು ಕಟಕಟ ಎನ್ನುತ್ತಿತ್ತು. ‘ಈ ಚಳಿಯಲ್ಲಿ ಆ ಮಕ್ಕಳು ಓಡುವುದು ಹೇಗೆ ಮಾರಾಯ್ರೆ?’ ಎಂಬುದು ಅವರ ಚಿಂತೆ.

ಕೊಡಗು ಎಂದರೆ ಹಾಕಿ. ಭಾರತ ತಂಡದಲ್ಲಿ ಆಡಿದ್ದ ಎಸ್.ವಿ. ಸುನಿಲ್ ಇದೇ ಸೋಮವಾರಪೇಟೆಯವರು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮನೆಯ ಹೆಣ್ಣುಮಕ್ಕಳೂ ಗಂಡಸರ ಜೊತೆ ಸ್ಟಿಕ್ ಹಿಡಿದು ಇಳಿಯುತ್ತಾರೆ. ಹೆಣ್ಣು ಆಡುವುದು ಇಲ್ಲಿ ಸುದ್ದಿಯೇ ಅಲ್ಲ. ಸುದ್ದಿ ಎಂದು ಕಂಡದ್ದು ನಮ್ಮ ಕಣ್ಣಿಗೆ.

ನಮ್ಮ ಅಕ್ಷರ ಚೆನ್ನಾಗಿದೆ ಎಂದು ಪಂದ್ಯದ ಮೇಜಿನಲ್ಲಿ ಕೂರಿಸಿದರು. ಆಟಗಾರರ ಪಟ್ಟಿ, ಜೆರ್ಸಿ ನಂಬರ್, ಗುರುತಿನ ಚೀಟಿ ತಾಳೆ ನೋಡುವುದು, ಗೋಲು ಎಷ್ಟನೇ ನಿಮಿಷಕ್ಕೆ ಎಂದು ಬರೆಯುವುದು, ಬದಲಿ ಆಟಗಾರ್ತಿ ಇಳಿಯುವಾಗ ಚೀಟಿ ಕೊಡುವುದು. ಅರ್ಧಕ್ಕೆ 30 ನಿಮಿಷದಂತೆ ಒಂದು ಪಂದ್ಯ. ಮೊದಲ ದಿನ ನಾಲ್ಕು ಕ್ವಾರ್ಟರ್ ಫೈನಲ್. ಪಿಕಪ್ಪಿನವರು ನೀರಿನ ಕ್ಯಾನು, ಐಸಿನ ಪೆಟ್ಟಿಗೆ ಹೊತ್ತರು. ಕಾಕ ಒಲೆ ಹಚ್ಚಿ ಗಂಜಿ, ಚಟ್ನಿ, ಮೊಟ್ಟೆ ಬೇಯಿಸಿದರು. ಹುಡುಗಿಯರಲ್ಲಿ ಕಾಫಿ ತೋಟದ ಲೈನ್ ಮನೆಗಳ ಮಕ್ಕಳೂ ಇದ್ದರು. ಒಬ್ಬಳ ಬೂಟಿನ ಮುಂಭಾಗ ಬಾಯಿ ಬಿಟ್ಟಿತ್ತು. ದಾರದಿಂದ ಬಿಗಿದು ಕಟ್ಟಿಕೊಂಡು ಇಳಿದಳು, ಎರಡು ಗೋಲು ಹೊಡೆದಳು.

ಎರಡನೇ ಪಂದ್ಯದ ಪಟ್ಟಿ ತಂದಿಟ್ಟದ್ದು ಕರಾವಳಿ ಕಡೆಯ ತಂಡ. ಏಳನೇ ನಂಬರಿನ ಹೆಸರು ಓದಿ ತಲೆ ಎತ್ತಿದೆವು. ನಮ್ಮದೇ ಮದರಸಾದಲ್ಲಿ ಕಲಿತ ಹುಡುಗಿ! ಉದ್ದ ತೋಳಿನ ಬನಿಯನ್, ಟ್ರ್ಯಾಕ್ ಪ್ಯಾಂಟ್, ತಲೆಗೆ ಬಿಳಿ ಸ್ಕಾರ್ಫ್. ನಮ್ಮನ್ನು ಕಂಡು ಅವಳ ಮುಖ ಬಿಳುಚಿತು. ‘ಅಸ್ಸಲಾಮು ಅಲೈಕುಂ ಉಸ್ತಾದ್’ ಎಂದವಳು ಮುಂದೆ ಮಾತಾಡಲಿಲ್ಲ.

ಅಷ್ಟರಲ್ಲಿ ರೆಫ್ರಿ ಬಂದರು. ಅವರೂ ಒಬ್ಬ ಯುವತಿಯೇ. ಸ್ಕಾರ್ಫಿಗೆ ಚುಚ್ಚಿದ್ದ ಎರಡು ಸೇಫ್ಟಿ ಪಿನ್ನುಗಳನ್ನು ಕಂಡು, ‘ಇದನ್ನು ಹಾಕಿ ಆಡುವಂತಿಲ್ಲ’ ಎಂದರು. ಹುಡುಗಿ ಏನೂ ವಾದ ಮಾಡದೆ ಹೋಗಿ ಬೆಂಚಿನಲ್ಲಿ ಕೂತಳು. ನಮಗೆ ಮೊದಲು ಸಿಟ್ಟೇ ಬಂತು. ತಲೆವಸ್ತ್ರ ಕಂಡು ಹೀಗೆ ಹೇಳಿದರಾ ಎಂದು. ಪಿ.ಟಿ. ಮಾಸ್ಟ್ರು ಬದಿಗೆ ಕರೆದು ಬಿಡಿಸಿ ಹೇಳಿದರು. ‘ಉಸ್ತಾದರೇ, ಬಟ್ಟೆಗೆ ತಕರಾರಿಲ್ಲ, ಪಿನ್ನಿಗೆ. ಕಣ್ಣಿಗೋ ಕತ್ತಿಗೋ ಚುಚ್ಚಿದರೆ ಯಾರು ಹೊಣೆ? ಬಣ್ಣವೂ ಸರಿಯಿಲ್ಲ.’

ಅವರು ಹೇಳಿದ ಮೇಲೆ ಕೇಳಿ, ಓದಿ ತಿಳಿದದ್ದು ಇಷ್ಟು. ಫುಟ್ಬಾಲಿನ ನಿಯಮದಲ್ಲಿ ತಲೆವಸ್ತ್ರಕ್ಕೆ ಮೊದಲು ಅವಕಾಶ ಇರಲಿಲ್ಲ. 2011ರಲ್ಲಿ ಇರಾನಿನ ಮಹಿಳಾ ತಂಡ ಒಲಿಂಪಿಕ್ಸ್ ಅರ್ಹತಾ ಪಂದ್ಯಕ್ಕೆ ಜೋರ್ಡನ್‌ಗೆ ಹೋಗಿ, ಇದೇ ಕಾರಣಕ್ಕೆ ಆಡಲಾಗದೆ ಕಣ್ಣೀರು ಹಾಕಿ ಮರಳಿತ್ತು. ಜೋರ್ಡನ್‌ನ ರಾಜಕುಮಾರ ಅಲಿ ಬಿನ್ ಹುಸೇನ್ ಮುಂದೆ ನಿಂತು ಒತ್ತಾಯ ಮಾಡಿದರು. 2012ರಲ್ಲಿ ಪರೀಕ್ಷೆಗೆಂದು ಒಪ್ಪಿ, 2014ರ ಮಾರ್ಚ್‌ನಲ್ಲಿ ನಿಯಮವನ್ನೇ ಬದಲಿಸಿದರು. ಶರತ್ತು ಇಷ್ಟೇ: ಕಪ್ಪು ಬಣ್ಣ ಇರಬೇಕು ಅಥವಾ ಜೆರ್ಸಿಯ ಮುಖ್ಯ ಬಣ್ಣ ಇರಬೇಕು, ಜೆರ್ಸಿಗೆ ಸೇರಿಸಿ ಹೊಲಿದಿರಬಾರದು, ಯಾರಿಗೂ ಅಪಾಯ ಆಗುವಂತಹದ್ದು ಅದರಲ್ಲಿ ಇರಬಾರದು. 2023ರ ಮಹಿಳಾ ವಿಶ್ವಕಪ್‌ನಲ್ಲಿ ಮೊರಾಕ್ಕೊದ ನುಹೈಲಾ ಬೆಂಝೀನಾ ತಲೆವಸ್ತ್ರ ಧರಿಸಿಯೇ ದಕ್ಷಿಣ ಕೊರಿಯಾ ವಿರುದ್ಧ ಆಡಿದರು. ಹಿರಿಯರ ವಿಶ್ವಕಪ್‌ನಲ್ಲಿ ಹಾಗೆ ಆಡಿದ ಮೊದಲ ಆಟಗಾರ್ತಿ ಅವರು. ಆ ಪಂದ್ಯವನ್ನು ಮೊರಾಕ್ಕೊ 1-0ರಿಂದ ಗೆದ್ದಿತು.

ಪಂದ್ಯಕ್ಕೆ ಇನ್ನು ಇಪ್ಪತ್ತೈದು ನಿಮಿಷ. ಪಿಕಪ್ ಹತ್ತಿ ಪೇಟೆಗೆ ಓಡಿದೆವು. ಬಟ್ಟೆ ಅಂಗಡಿಯಲ್ಲಿ ಗಡ್ಡ ಬಿಟ್ಟ ಇಬ್ಬರು ಗಂಡಸರು ನಿಂತು, ಹೆಂಗಸರು ಸ್ಕಾರ್ಫಿನ ಒಳಗೆ ಹಾಕುವ ಎಲಾಸ್ಟಿಕ್ ಟೊಪ್ಪಿ ಕೇಳಿದರೆ ಅಂಗಡಿಯ ಅಕ್ಕನಿಗೆ ನಗು ತಡೆಯಲಿಲ್ಲ. ‘ಕುತ್ತಿಗೆ ಮುಚ್ಚುವಂಥದ್ದಾ, ಬರೀ ತಲೆಗಾ?’ ಎಂದು ಕೇಳಿದರು. ಕುತ್ತಿಗೆವರೆಗೂ ಬರುವ ಕಪ್ಪು ಟೊಪ್ಪಿ ಎರಡು ತಂದೆವು. ರೆಫ್ರಿ ಎಳೆದು ನೋಡಿ ‘ಓಕೆ’ ಎಂದರು. ಹುಡುಗಿ ಆ ಎರಡು ಪಿನ್ನುಗಳನ್ನು ನಮ್ಮ ಮೇಜಿನ ಮೇಲೆ ಇಟ್ಟು ಮೈದಾನಕ್ಕೆ ಇಳಿದಳು.

ಆಟದ ಒಳಹೊರಗು ನಮಗೆ ಗೊತ್ತಿಲ್ಲ. ಆದರೆ ಚೆಂಡು ಅವಳ ಕಾಲಿಗೆ ಬಂದರೆ ಮೈದಾನದ ಸುತ್ತ ಕೂತವರು ಎದ್ದು ನಿಲ್ಲುತ್ತಿದ್ದುದು ಕಂಡಿತು. ಅವಳ ಹೆಸರಿನ ಮುಂದೆ ‘41ನೇ ನಿಮಿಷ, ಗೋಲು’ ಎಂದು ಬರೆಯುವಾಗ ನಮ್ಮ ಕೈ ಸ್ವಲ್ಪ ನಡುಗಿತು. ಕಾರಣ ಹೇಳಲೇಬೇಕು.

ಎರಡು ವರ್ಷದ ಹಿಂದೆ ಅವಳ ತಂದೆ ಮದರಸಾದ ಜಗಲಿಗೆ ಬಂದು, ‘ಮಗಳು ಫುಟ್ಬಾಲ್ ಆಡುತ್ತೇನೆ ಎನ್ನುತ್ತಾಳೆ. ಏನು ಮಾಡುವುದು ಉಸ್ತಾದರೇ?’ ಎಂದು ಕೇಳಿದ್ದರು. ಏನು ಉಡುಪು, ಎಲ್ಲಿ ಆಟ, ಯಾರು ಜೊತೆ - ಒಂದನ್ನೂ ನಾವು ಕೇಳಲಿಲ್ಲ. ‘ಅದೆಲ್ಲ ಯಾಕೆ ಕಾಕ, ಬೇಡ’ ಎಂದುಬಿಟ್ಟೆವು. ಎರಡೇ ಮಾತು. ಅವಳು ಒಂದಿಡೀ ವರ್ಷ ಆಟ ಬಿಟ್ಟಿದ್ದಳಂತೆ. ಈಗ ಬಂದದ್ದು ಉಮ್ಮನಿಗೆ ಮಾತ್ರ ಹೇಳಿ.

ಆಯಿಷಾ ಬೀವಿ (ರ.ಅ.) ಅವರೊಂದಿಗೆ ಪ್ರವಾದಿ (ಸ.ಅ.) ಓಟದ ಪಂದ್ಯ ಮಾಡಿದ್ದನ್ನು, ಒಮ್ಮೆ ಬೀವಿಯೇ ಗೆದ್ದದ್ದನ್ನು ಮಕ್ಕಳಿಗೆ ನಗುನಗುತ್ತಾ ಪಾಠ ಮಾಡಿದವರು ನಾವೇ. ಪಾಠ ಒಂದು, ಜಗಲಿಯ ಉತ್ತರ ಒಂದು. ಹೆಣ್ಣು ಆಡಬಾರದು ಎಂದದ್ದು ನಾವು ಮಾತ್ರ ಅಲ್ಲ ನಿಜ. ಇಂಗ್ಲೆಂಡಿನ ಫುಟ್ಬಾಲ್ ಅಸೋಸಿಯೇಷನ್ 1921ರಲ್ಲಿ ತನ್ನ ಮೈದಾನಗಳಲ್ಲಿ ಮಹಿಳೆಯರ ಆಟವನ್ನೇ ನಿಷೇಧಿಸಿ, ಸುಮಾರು 50 ವರ್ಷ ಹಾಗೇ ಇಟ್ಟಿತ್ತು. ಆದರೆ ಅವರ ತಪ್ಪು ನಮ್ಮ ತಪ್ಪಿಗೆ ಸಮಾಧಾನ ಆಗುವುದಿಲ್ಲ.

ಎರಡನೇ ದಿನ ಸೆಮಿಫೈನಲ್‌ನಲ್ಲಿ ಅವಳ ತಂಡ ಟೈಬ್ರೇಕರ್‌ನಲ್ಲಿ ಸೋತಿತು. ಅತ್ತದ್ದೂ ಆಯಿತು, ಕಾಕನ ಪಾಯಸ ಕುಡಿದು ನಕ್ಕದ್ದೂ ಆಯಿತು. ಹೊರಡುವಾಗ ಕೇಳಿದಳು, ‘ಉಸ್ತಾದ್, ಬಾಪನಿಗೆ ಹೇಳುತ್ತೀರಾ?’ ‘ಹೇಳುತ್ತೇವೆ ಮಗಳೇ. ಆದರೆ ನಿನ್ನ ವಿಷಯ ಅಲ್ಲ, ಮೊದಲು ನಮ್ಮ ವಿಷಯ’ ಎಂದೆವು. ಮನೆಯಲ್ಲಿ ಬಚ್ಚಿಟ್ಟು ಬರುವುದು ಸರಿಯಲ್ಲ, ನೀನೇ ಮೊದಲು ಬಾಯಿಬಿಡು ಎಂದೂ ಹೇಳಿದೆವು.

ಮುಂದಿನ ಶುಕ್ರವಾರ ಜುಮುಅ ಮುಗಿಸಿ ಅವರ ಮನೆಗೆ ಹೋದೆವು. ಮಗಳು ಹೇಳಿ ಆಗಿತ್ತು. ತಂದೆ ತುಂಬ ಹೊತ್ತು ಸುಮ್ಮನೆ ಕೂತರು. ಆಮೇಲೆ, ‘ಅಂದು ಬೇಡ ಅಂದವರು ನೀವೇ. ಇಂದು ಆಗಬಹುದು ಅನ್ನುವವರೂ ನೀವೇ. ನಾನು ಯಾವುದನ್ನು ನಂಬುವುದು ಉಸ್ತಾದರೇ?’ ಎಂದರು. ನಮ್ಮಲ್ಲಿ ಉತ್ತರ ಇರಲಿಲ್ಲ. ‘ಅಂದು ಕೇಳದೆ ಹೇಳಿದೆವು. ಇಂದು ನೋಡಿ ಹೇಳುತ್ತಿದ್ದೇವೆ’ ಎಂದಷ್ಟೇ ಹೇಳಿದೆವು. ಅವರು ಹೂಂ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ‘ಮುಂದಿನ ಸಲ ಎಲ್ಲಿ ಆಟ ಅಂತ ನನಗೂ ಹೇಳಲಿ, ನಾನೇ ಕರೆದುಕೊಂಡು ಹೋಗುತ್ತೇನೆ, ನೋಡುವ’ ಎಂದರು. ನಮಗೆ ಅದೇ ದೊಡ್ಡದು.

ಮೇಜಿನ ಹಿಂದೆ ಎರಡು ದಿನ ಕೂತು ಕಂಡ ಕೊರತೆಗಳೂ ಉಂಟು. ಹುಡುಗಿಯರಿಗೆ ಬಟ್ಟೆ ಬದಲಿಸಲು ಇದ್ದದ್ದು ಒಂದೇ ಕೋಣೆ, ಅದಕ್ಕೆ ಚಿಲಕ ಇರಲಿಲ್ಲ. ಳುಹರ್ ನಮಾಝಿಗೆ ಹುಡುಗಿಯರಿಗೆ ಜಾಗ ಕೇಳುವವರೇ ಇರಲಿಲ್ಲ. ಕೇಳಿದ ಕೂಡಲೇ ಮಾಸ್ಟ್ರು ಒಂದು ತರಗತಿ ಕೋಣೆ ತೆರೆಸಿಕೊಟ್ಟರು. ಪಂದ್ಯ ಮುಗಿದು ಕತ್ತಲಾದ ಮೇಲೆ ಊರಿಗೆ ಬಸ್ಸು ಸಿಗದ ಚಿಂತೆ ಎಲ್ಲ ಜಾತಿಯ ತಾಯಂದಿರಿಗೂ ಒಂದೇ. ಹೆತ್ತವರು ಬೇಡ ಎನ್ನುವುದರ ಹಿಂದೆ ಅರ್ಧ ಇಂತಹ ಭಯಗಳೇ. ಚಿಲಕ ಹಾಕಿಸುವುದು, ವಾಹನ ಮಾಡಿಸುವುದು, ಜೊತೆಗೆ ಹಿರಿಯ ಹೆಂಗಸೊಬ್ಬರನ್ನು ಕಳಿಸುವುದು ನಮ್ಮ ಜಮಾಅತ್‌ಗಳಿಗೆ ಆಗದ ಕೆಲಸವಾ? ಗುಡ್ಡ ಜರಿದಾಗ ರಾತ್ರೋರಾತ್ರಿ ಗಾಡಿ ಹೊರಡಿಸಿದವರು ನಾವು.

ಆ ಎರಡು ಸೇಫ್ಟಿ ಪಿನ್ನುಗಳು ಈಗಲೂ ನಮ್ಮ ಮದರಸಾದ ಹಾಜರಿ ಪುಸ್ತಕದ ರಟ್ಟಿಗೆ ಚುಚ್ಚಿಕೊಂಡಿವೆ. ಯಾರಾದರೂ ತಂದೆ ಜಗಲಿಗೆ ಬಂದು ಮಗಳ ವಿಷಯ ಕೇಳಿದರೆ, ಮೊದಲು ಅದರತ್ತ ಒಮ್ಮೆ ನೋಡುತ್ತೇವೆ. ಆಮೇಲೆ, ‘ಕೂತುಕೊಳ್ಳಿ ಕಾಕ, ಪೂರ್ತಿ ಹೇಳಿ’ ಎನ್ನುತ್ತೇವೆ.