ಜಯನಗರದ ನಲ್ಲಿಯಲ್ಲಿ ಜಪಾನ್!

ಜಯನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ. ಬನಶಂಕರಿಯಲ್ಲಿ ಇಳಿಯಿರಿ. ಮನೆಗೆ ಹೋಗಿ ನಲ್ಲಿ ತಿರುಗಿಸಿ, ಒಂದು ಲೋಟ ಕಾವೇರಿ ನೀರು ಹಿಡಿಯಿರಿ.

ಈಗ ಹೇಳಿ ನೋಡೋಣ. ಆ ಮೆಟ್ರೊಗೂ ಕಾವೇರಿ ಯೋಜನೆಗೂ ಹಣ ಹೊಂದಿಸಿಕೊಟ್ಟ ಪರದೇಶ ಯಾವುದು?

ಅಮೆರಿಕ? ಅಲ್ಲ. ರಷ್ಯಾ? ಊಹೂಂ. ಜಪಾನ್!

ನಮ್ಮ ಮೆಟ್ರೊ ಮೊದಲ ಹಂತಕ್ಕೆ 2006ರಲ್ಲಿ ಜಪಾನ್ ಒಪ್ಪಿದ ಸಾಲ ಎಷ್ಟು ಗೊತ್ತೇ? 4,470 ಕೋಟಿ ಯೆನ್! ಪುಕ್ಕಟೆಯಲ್ಲ ಸ್ವಾಮಿ, ತೀರಿಸಲೇಬೇಕು.

ನೀರಿನದ್ದಂತೂ ಇನ್ನೂ ಸೋಜಿಗ. ಕಾವೇರಿ ನೀರನ್ನು ಪಂಪು ಮಾಡುವ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಸುಮಾರು 100 ಕಿ.ಮೀ. ಅದೂ ಏರುದಾರಿ! ಹಾರೋಹಳ್ಳಿಯಲ್ಲಿ ಮತ್ತೆ ಪಂಪು, ತಾತಗುಣಿಯಲ್ಲಿ ಇನ್ನೊಮ್ಮೆ. ಕಾವೇರಿ ಹತ್ತುವ ಎತ್ತರ? ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್! ಕಾವೇರಿ ಯೋಜನೆಯ ನಾಲ್ಕನೇ ಹಂತಕ್ಕೂ ಜಪಾನಿ ಸಾಲ, ಐದನೆಯದಕ್ಕೂ ಜಪಾನಿ ಸಾಲ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತವೊಂದರದ್ದೇ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್!

ಈ ನಂಟು ಎಂದಿನದು? ಭಾರತ-ಜಪಾನ್ ರಾಜತಾಂತ್ರಿಕ ಸಂಬಂಧ ಕುದುರಿದ್ದು 1952ರ ಏಪ್ರಿಲ್ 28ರಂದು. 1958ರಲ್ಲಿ ಜಪಾನ್ ಮೊಟ್ಟಮೊದಲ ಬಾರಿಗೆ ಹೊರದೇಶಕ್ಕೆ ಯೆನ್ ಸಾಲ ಕೊಟ್ಟಿತು. ಯಾರಿಗೆ? ನಮಗೇ!

ತಡೆಯಿರಿ, ಅಸಲಿ ಸ್ವಾರಸ್ಯ ಇನ್ನೂ ಬಂದಿಲ್ಲ. ಆ ಸಂಬಂಧ ಕುದುರುವ ಮೂರು ವರ್ಷ ಮೊದಲೇ ನಮ್ಮ ಕಡೆಯವಳೊಬ್ಬಳು ಟೋಕಿಯೊ ತಲುಪಿದ್ದಳು. ಯಾರಿರಬಹುದು? ಸುಳಿವು ಬೇಕೇ? ನಾಲ್ಕು ಕಾಲು, ಒಂದು ಸೊಂಡಿಲು!

ಯುದ್ಧಕಾಲದಲ್ಲಿ, 1943ರಲ್ಲಿ, ಟೋಕಿಯೊದ ಉಯೆನೊ ಮೃಗಾಲಯದ ಮೂರು ಆನೆಗಳನ್ನು ಉಪವಾಸ ಕೆಡವಿ ಸಾಯಿಸಿದ್ದರು. ಪಾಪ. ಯುದ್ಧ ಮುಗಿದ ಮೇಲೆ ಆ ಊರಿನ ಮಕ್ಕಳು ನೆಹರೂ ಅವರಿಗೆ ಕಾಗದದ ಮೇಲೆ ಕಾಗದ ಬರೆದರು. ನಮಗೊಂದು ಆನೆ ಬೇಕು! ನೆಹರೂ ಕಳಿಸಿಯೇಬಿಟ್ಟರು. ಅದೂ ಮಗಳ ಹೆಸರನ್ನೇ ಇಟ್ಟು: ಇಂದಿರಾ!

1949ರ ಸೆಪ್ಟೆಂಬರ್. ಇಂದಿರಾ ಹಡಗಿನಿಂದ ಇಳಿದಳು. ಬಂದರಿನಿಂದ ಮೃಗಾಲಯದವರೆಗೆ, ರಾತ್ರೋರಾತ್ರಿ, ಟೋಕಿಯೊ ಬೀದಿಗಳಲ್ಲಿ ನಡೆದೇ ಹೋದಳು!

ಅವಳ ತವರು ಯಾವುದು ಹೇಳಿ? ನಮ್ಮ ಮೈಸೂರು ಸೀಮೆ!

ಅಂದಮೇಲೆ ಅವಳಿಗೆ ಜಪಾನಿ ಮಾತು ಬರುತ್ತದೆಯೇ? ಎಲ್ಲಿಂದ ಬರಬೇಕು! ಗೊತ್ತಿದ್ದದ್ದು ಕನ್ನಡವೊಂದೇ. ಜೊತೆಗೆ ಹೋಗಿದ್ದ ಮಾವುತರು ಊರಿಗೆ ಮರಳುವ ಮೊದಲು ಉಯೆನೊದ ಪಾಲಕರು ಏನು ಮಾಡಿದರು ಗೊತ್ತೇ? ಆನೆಗೆ ಅಪ್ಪಣೆ ಕೊಡುವಷ್ಟು ಕನ್ನಡವನ್ನು ಅವರಿಂದ ಕಲಿತುಕೊಂಡರು! 1949ರ ಟೋಕಿಯೊದಲ್ಲಿ, ಆನೆಯ ಕಾಲಬುಡದಲ್ಲಿ, ಕನ್ನಡ ಪಾಠ!